ಮಲಪ್ರಭೆಯ ಸೀಮೆಯಲ್ಲಿ ಗಿಟಾರು

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೊರಟ ಪ್ರಯಾಣಿಕನು ಹೆದ್ದಾರಿಯನ್ನು ಬಿಟ್ಟು ಕಿತ್ತೂರಿನೊಳಕ್ಕೆ ಹೊರಳಿದಾಗ ಅವನ ಕಣ್ಣು ಮೊದಲು ಅರಸುವುದು ಕೋಟೆಯನ್ನು. ಕೋಟೆಯೆಂದು ಈಗ ಉಳಿದಿರುವುದು ಹೆಚ್ಚೇನೂ ಅಲ್ಲ. ಮುರಿದ ಗೋಡೆಗಳು, ಅರಮನೆಯ ಅವಶೇಷ, ಪಕ್ಕದಲ್ಲಿ ಒಂದು ವಸ್ತುಸಂಗ್ರಹಾಲಯ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಇಲ್ಲಿ ಮಡಿದದ್ದೂ, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಸೇರಿದ್ದೂ ಶಾಲೆಯ ಹುಡುಗರೆಲ್ಲ ಬಲ್ಲ ಕಥೆ. ಅರಮನೆಯ ಅವಶೇಷಗಳ ನಡುವೆ ಧ್ರುವನಕ್ಷತ್ರವನ್ನು ನೋಡುವುದಕ್ಕೆಂದು ಗೋಡೆಯಲ್ಲಿ ಇರಿಸಿದ ಒಂದು ಕೊಳವೆಯುಂಟು. ಒಂದು ಕಣ್ಣನ್ನು ಮುಚ್ಚಿ, ಇನ್ನೊಂದನ್ನು ರಂಧ್ರಕ್ಕೆ ಹಚ್ಚಿ ಬಂದವರು ಅದರೊಳಗೆ ಇಣುಕುತ್ತಾರೆ. ಹಗಲಿನಲ್ಲಿ ಕಾಣುವುದು ಬರಿಯ ಆಕಾಶದ ಒಂದು ತುಣುಕು. ಆದರೂ ಇಣುಕದೆ ಹೋಗಲು ಮನಸ್ಸು ಬಾರದು.

ಇದೇ ಭಂಗಿಯಲ್ಲಿ, ಆದರೆ ಬೇರೊಂದು ಉದ್ದೇಶದಿಂದ, ಕಣ್ಣು ಕಿರಿದು ಮಾಡಿ ನೋಡುವ ಇನ್ನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಕಿತ್ತೂರಿನ ಒಬ್ಬ ಕಾಲೇಜು ತರುಣ. ಅವನ ಕೈಯಲ್ಲಿರುವುದು ಒಂದು ಎಲೆಕ್ಟ್ರಿಕ್ ಗಿಟಾರು. ಅದರ ಬುಡವನ್ನು ನೆಲದ ಕಡೆಗೆ ಚಾಚಿ, ತಲೆಯ ತುದಿಯನ್ನು ಕೆನ್ನೆಯ ಹತ್ತಿರ ತಂದು, ಕೊರಳಿನ ಉದ್ದಕ್ಕೂ ಅವನು ನೋಟ ಹರಿಸುತ್ತಾನೆ. ಬಡಗಿ ತೊಲೆಯ ಸೊಟ್ಟನ್ನು ನೋಡುವ ರೀತಿಯೇ ಇದು. ಕೊರಳು ತಿರುಚಿಕೊಂಡಿದ್ದರೆ, ಅಂದರೆ ಒಂದು ಅಂಚು ಮೇಲೆ ಒಂದು ಅಂಚು ಕೆಳಗೆ ಹೋಗಿದ್ದರೆ, ಆ ಗಿಟಾರನ್ನು ಅಲ್ಲಿಯೇ ಕೆಳಗಿಟ್ಟು ಅಂಗಡಿಯಿಂದ ಹೊರಬರಬೇಕು. ಬಣ್ಣ, ಆಕಾರ, ಹೆಸರು ಇವೆಲ್ಲ ಆಮೇಲಿನ ಮಾತು. ತಿರುಚಿದ ಕೊರಳಿಗೆ ಮದ್ದಿಲ್ಲ. ಮುಂದಕ್ಕೋ ಹಿಂದಕ್ಕೋ ತುಸು ಬಾಗಿದ್ದರೆ ಮಾತ್ರ ಹೆದರಬೇಕಾಗಿಲ್ಲ. ಕೊರಳಿನೊಳಗೆ ಹುದುಗಿಸಿದ ಟ್ರಸ್ ರಾಡೆಂಬ ಉಕ್ಕಿನ ಕಂಬಿ ಆ ಬಾಗನ್ನು ತಿದ್ದುವುದಕ್ಕೆಂದೇ ಇರುವುದು.

ಅಂಗಡಿ ಕಿತ್ತೂರಿನಲ್ಲಿಲ್ಲ, ಅದಕ್ಕೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು. ಈ ತರುಣ ಹೋಗಿ ಬಂದಿದ್ದಾನೆಂದು ಇಟ್ಟುಕೊಳ್ಳೋಣ. ತಂದೆಯ ಹತ್ತಿ ಈ ವರ್ಷ ಬೈಲಹೊಂಗಲದ ಪೇಟೆಯಲ್ಲಿ ಒಳ್ಳೆಯ ಧಾರಣೆಗೆ ಹೋಯಿತು. ಕಟ್ಟಬೇಕಾದ ಸಾಲವನ್ನು ಕಟ್ಟಿ ಉಳಿದದ್ದರಲ್ಲಿ ಒಂದು ಪಾಲು ಮಗನ ಹಟಕ್ಕೆ ಸಂದಿತು. ಈಗ ಅವನು ಚೀಲವನ್ನು ಬೆನ್ನಿಗೇರಿಸಿ ರಾಮದುರ್ಗದ ಅಜ್ಜಿಯ ಮನೆಗೆ ಹೊರಟಿದ್ದಾನೆ. ದಾರಿ ಬೈಲಹೊಂಗಲ, ಸವದತ್ತಿಗಳ ಮೇಲೆ. ಅವನೊಂದಿಗೆ ವಾಚಕರೂ ಪ್ರಯಾಣ ಮಾಡಿದರೆ ನಷ್ಟವೇನಿಲ್ಲ.

ಹೆವಿ ಮೆಟಲ್ ಎಂಬ ಹೆಸರನ್ನು ಕೇಳಿ ಹಿರಿಯರು ಅದನ್ನು ಕಬ್ಬಿಣದಂಗಡಿಯ ಬಾಬತ್ತೆಂದು ತಿಳಿದರೆ ಅದು ಪೂರ್ತಿ ತಪ್ಪೂ ಅಲ್ಲ. ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಅಲ್ಲಿಯ ಒಂದು ತಗಡಿನ ಕಾರ್ಖಾನೆಯಲ್ಲಿ 1965ರಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗನ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಕತ್ತರಿಸಿಹೋದವು. ಅವನು ಎಡಚ; ತಂತಿಯನ್ನು ಒತ್ತುವ ಕೈ ಅದೇ ಆಗಿತ್ತು. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳ್ಳನೆಯ ತಂತಿಗಳನ್ನು ಹುಡುಕಿ ಹಾಕಿಕೊಂಡು ಅವನು ಮತ್ತೆ ನುಡಿಸಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. 1970ರಲ್ಲಿ ಅವನ ಬ್ಲ್ಯಾಕ್ ಸ್ಯಾಬತ್ ತಂಡದ ಮೊದಲ ಧ್ವನಿಮುದ್ರಿಕೆ ಬಂತು. 1971ರ ಮೂರನೆಯದರಲ್ಲಿ ಆ ತಗ್ಗಿದ ಶ್ರುತಿಯ ಗಡಸು ನಾದ ಎಲ್ಲರಿಗೂ ಕೇಳಿಸಿತು. ನೊಂದ ಬೆರಳಿನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಟು ಒಂದು ಸಂಗೀತಪದ್ಧತಿಯ ಲಕ್ಷಣವಾಯಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ನುಡಿಸಿದಾಗ ಸೇರಿದ ಜನಜಾತ್ರೆಯ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಹಲವರಿಗೆ ನೆನಪಿರಬಹುದು. ಗದ್ದಲವೆಂದು ಮೂಗು ಮುರಿಯುವವರಿಗೆ ಹೇಳಬೇಕಾದ ಮಾತೊಂದಿದೆ: ಕರಡಿ ಮಜಲನ್ನು ಜಾತ್ರೆಯಲ್ಲಿ ಹತ್ತು ಮಾರು ದೂರದಿಂದ ಕೇಳಿದ ಬೆಳಗಾವಿ ಸೀಮೆಯ ಕಿವಿಗೆ ಇದು ಹೊಸ ಅನುಭವವೇನೂ ಅಲ್ಲ.

ಕಿತ್ತೂರನ್ನು ಬಿಟ್ಟು ಪೂರ್ವಕ್ಕೆ ಸಾಗಿದಂತೆ ನೆಲದ ಬಣ್ಣ ಕಪ್ಪಾಗುತ್ತದೆ. ಕಿತ್ತೂರು ಮಲೆನಾಡಿನ ಸೆರಗು. ಪಶ್ಚಿಮದ ಖಾನಾಪುರದ ಕಾಡಿನಿಂದ ಬರುವ ಹಸಿಗಾಳಿ ಅದನ್ನು ಮುಟ್ಟುತ್ತದೆ. ಬೈಲಹೊಂಗಲವೋ ಎರೆಯ ಸೀಮೆ. ಈ ವ್ಯತ್ಯಾಸವನ್ನು ಬಸ್ಸಿನಲ್ಲಿ ಕುಳಿತ ಮನುಷ್ಯ ಗಮನಿಸದಿದ್ದರೂ ಚೀಲದಲ್ಲಿರುವ ಗಿಟಾರು ಗಮನಿಸುತ್ತದೆ. ಮರ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ತೇವ ಕುಡಿದು ಉಬ್ಬಿದ ಕೊರಳು ಸಾಮಾನ್ಯವಾಗಿ ತಂತಿಗಳ ಕಡೆಗೆ ಬಾಗಿ ತಂತಿಗಳು ಎತ್ತರವಾಗುತ್ತವೆ. ಒಣಗಿದಾಗ ಹಿಂದಕ್ಕೆ ಸರಿದು ತಂತಿಗಳು ಮೆಟ್ಟುಗಳಿಗೆ ತಗುಲಿ ಝಿರ್ರೆನ್ನುತ್ತವೆ. ಇನ್ನೂ ಒಣಗಿದರೆ ಮೆಟ್ಟುಗಳ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಯನ್ನು ಗೀರುತ್ತವೆ. ವೀಣೆಗೆ ಮೇಣದ ಮೇಲೆ ಕೂರಿಸಿದ ಮೆಟ್ಟುಗಳಿರುವಂತೆ ಗಿಟಾರಿಗೆ ಮರದಲ್ಲಿ ಬಡಿದ ಲೋಹದ ಮೆಟ್ಟುಗಳು. ವೀಣೆಯಂತೆ ಮತ್ತೆ ಕರಗಿಸಿ ಕೂರಿಸುವ ಸೌಲಭ್ಯ ಅದಕ್ಕಿಲ್ಲ.

ಒಂದು ವಿನೋದವಿದೆ. ಪ್ರಪಂಚದ ಅಸಂಖ್ಯ ಗಿಟಾರುಗಳ ಬೆರಳುಪಟ್ಟಿಗೆ ಬಳಸುವುದು ನಮ್ಮ ಬೀಟೆಮರವನ್ನು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಮರ ಎಣ್ಣೆಯಂಶದ್ದು, ಗಟ್ಟಿಯಾದದ್ದು, ಬೆರಳಿನ ಬೆವರಿಗೆ ಬಗ್ಗದ್ದು. 2017ರಿಂದ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟವು; ಗಿಟಾರು ಮಾಡುವವರೂ ನುಡಿಸುವವರೂ ಗೋಳಾಡಿದ ಮೇಲೆ 2019ರಲ್ಲಿ ಸಿದ್ಧವಾದ್ಯಗಳಿಗೆ ವಿನಾಯತಿ ದೊರೆಯಿತು. ಘಟ್ಟದ ಮರವೊಂದು ಸಮುದ್ರ ದಾಟಿ ಹೋಗಿ, ಗಿಟಾರಾಗಿ ಮರಳಿ, ಘಟ್ಟದ ಅಡಿಯ ಊರಿನ ಹುಡುಗನ ಬೆನ್ನೇರಿ ಕುಳಿತಿರುವುದು ಅಸಂಭವವೇನಲ್ಲ.

ಬೈಲಹೊಂಗಲದಲ್ಲಿ ಬಸ್ಸು ನಿಲ್ಲುತ್ತದೆ. ಕೋಟೆ ಬಿದ್ದ ಮೇಲೆ ಕಿತ್ತೂರಿನ ರಾಣಿಯನ್ನು ಸೆರೆಯಲ್ಲಿಟ್ಟದ್ದು ಈ ಊರಿನಲ್ಲಿ. ಆಕೆ 1829ರಲ್ಲಿ ಕಣ್ಮುಚ್ಚಿದ್ದೂ ಇಲ್ಲಿಯೇ. ಸಮಾಧಿಯ ಸುತ್ತ ಈಗ ಉದ್ಯಾನವಿದೆ. ಆದರೆ ಊರಿನ ಜೀವವಿರುವುದು ಪೇಟೆಯಲ್ಲಿ. ಹತ್ತಿಯ ಅಂಡಿಗೆಯನ್ನು ಕೊಳ್ಳಲು ಬಂದ ದಲಾಲಿ ಏನು ಮಾಡುತ್ತಾನೆ? ಮೇಲಿನ ಬಿಳುಪನ್ನು ನಂಬುವುದಿಲ್ಲ. ಒಳಗೆ ಕೈ ತೂರಿಸಿ ಒಂದು ಹಿಡಿ ಎಳೆದು, ಎಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ ಉದ್ದ ನೋಡುತ್ತಾನೆ. ಗಿಟಾರು ಕೊಳ್ಳುವವರಿಗೂ ಅದೇ ಬುದ್ಧಿ ಬೇಕು. ಹೆವಿ ಮೆಟಲ್ಲಿಗೆಂದು ಮಾರುವ ಗಿಟಾರುಗಳು ಕೊಡಲಿಯಂತೆ, ಮಿಂಚಿನಂತೆ, ಬಾವಲಿಯಂತೆ ಚೂಪುಚೂಪಾಗಿರುತ್ತವೆ; ತಲೆಬುರುಡೆಯ ಚಿತ್ರವಿದ್ದರೆ ಇನ್ನೂ ಒಳ್ಳೆಯದೆಂದು ಹುಡುಗರ ನಂಬಿಕೆ. ಕುಳಿತು ನುಡಿಸುವಾಗ ಆ ಚೂಪು ತೊಡೆಗೆ ಚುಚ್ಚುತ್ತದೆಂಬುದನ್ನು ಅಂಗಡಿಯವರು ಹೇಳುವುದಿಲ್ಲ.

ಒಳಗೆ ಕೈ ತೂರಿಸಿ ನೋಡತಕ್ಕದ್ದು ಪಿಕಪ್ಪನ್ನು. ತಂತಿಗಳ ಅಡಿಯಲ್ಲಿ ಅಯಸ್ಕಾಂತಕ್ಕೆ ಸುತ್ತಿದ ಕೂದಲಿನಷ್ಟು ತೆಳುವಾದ ತಾಮ್ರದ ಸುರುಳಿಯೇ ಪಿಕಪ್ಪು. ಉಕ್ಕಿನ ತಂತಿ ಅದರ ಮೇಲೆ ಅದಿರಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ದೊಡ್ಡದು ಮಾಡುತ್ತದೆ. ಕಷ್ಟವೇನೆಂದರೆ ಒಂದೇ ಸುರುಳಿಯ ಪಿಕಪ್ಪು ತಂತಿಯ ನಾದದೊಂದಿಗೆ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಹೀರಿಕೊಳ್ಳುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಮೆಲ್ಲಗೆ ನುಡಿಸುವವನಿಗೆ ಆ ಗುಂಯ್ಕಾರ ಸಹ್ಯ. ಧ್ವನಿಯನ್ನು ನೂರು ಪಟ್ಟು ಉಬ್ಬಿಸುವ ಹೆವಿ ಮೆಟಲ್ಲಿನಲ್ಲಿ ಅದೇ ಮುಖ್ಯ ಸಂಗೀತವಾಗಿಬಿಡುತ್ತದೆ! ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ತಂತ್ರಜ್ಞ 1955ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದ. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ತಿರುಗುಮುರುಗು ಮಾಡಿದ. ಗುಂಯ್ಕಾರ ಒಂದನ್ನೊಂದು ಕಳೆದುಕೊಂಡಿತು, ತಂತಿಯ ನಾದ ಒಂದಕ್ಕೊಂದು ಕೂಡಿತು. ಅದಕ್ಕೆ ಹಂಬಕರ್ ಎಂದು ಹೆಸರಾಯಿತು. ಹೆವಿ ಮೆಟಲ್ಲಿಗೆ ಗಿಟಾರು ಕೊಳ್ಳುವವನು, ಕುದುರೆಯ ಪಕ್ಕದಲ್ಲಿಯಾದರೂ, ಒಂದು ಹಂಬಕರ್ ಇರುವುದನ್ನೇ ಕೊಳ್ಳಬೇಕು. ಪಂಪ್‌ಸೆಟ್ಟು, ಕೊಳವೆದೀಪ, ಎಳೆದಾಡುವ ವೋಲ್ಟೇಜು ಇರುವ ಊರುಗಳಲ್ಲಿ ಇದು ಶೋಕಿಯ ಮಾತಲ್ಲ.

ಕುದುರೆ ಎಂದದ್ದು ತಂತಿಗಳು ಬುಡದಲ್ಲಿ ಏರಿ ನಿಲ್ಲುವ ಭಾಗವನ್ನು. ಪಾಶ್ಚಾತ್ಯರು ಅದನ್ನು ಬ್ರಿಡ್ಜ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದು ಅಲುಗಾಡದೆ ಕುಳಿತಿರುವುದು. ಇನ್ನೊಂದು ಸ್ಪ್ರಿಂಗುಗಳ ಮೇಲೆ ತೇಲುವಂಥದು. ಅದಕ್ಕೊಂದು ಹಿಡಿಕೆ, ಹಿಡಿಕೆಯನ್ನು ಅದುಮಿದರೆ ಸ್ವರ ಪಾತಾಳಕ್ಕಿಳಿಯುತ್ತದೆ. ಕೇಳುವುದಕ್ಕೆ ರೋಮಾಂಚನವೇ ಸರಿ. ಆದರೆ ತೇಲುವ ಕುದುರೆಯಲ್ಲಿ ಒಂದು ತಂತಿಯನ್ನು ಸಡಿಲಿಸಿದರೆ ಉಳಿದ ಐದೂ ಬಿಗಿಯಾಗುತ್ತವೆ. ಶ್ರುತಿ ಕೂಡಿಸುವುದರಲ್ಲಿಯೇ ಸಂಜೆ ಮುಗಿಯುತ್ತದೆ. ಮೊದಲ ಗಿಟಾರಿಗೆ ನಿಶ್ಚಲವಾದ ಕುದುರೆಯೇ ಲೇಸು. ನಮ್ಮ ತರುಣ ತಂದದ್ದು ಅಂಥದೇ. ಅವನು ಜಾಣನೆಂದಲ್ಲ, ತೇಲುವ ಕುದುರೆಯ ಗಿಟಾರಿಗೆ ಹಣ ಸಾಲಲಿಲ್ಲ.

ಇನ್ನು ಅರ್ಥಿಂಗಿನ ಮಾತು. ಗಿಟಾರಿನ ತಂತಿಗಳು ಧ್ವನಿವರ್ಧಕದ ಮೂಲಕ ಭೂಮಿಗೆ ಕೂಡಿರುತ್ತವೆ. ನುಡಿಸುವವನ ಕೈ ಸದಾ ಆ ತಂತಿಗಳ ಮೇಲೆ. ಮನೆಯ ಭೂಸಂಪರ್ಕ ಕೆಟ್ಟಿದ್ದರೆ ಅಥವಾ ಮೂರು ಕಡ್ಡಿಯ ಪ್ಲಗ್ಗಿನ ಒಂದು ಕಡ್ಡಿಯನ್ನು ಮುರಿದು ಎರಡು ತೂತಿಗೆ ತುರುಕಿದ್ದರೆ ಅಪಾಯ ಕಾದಿರುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದ ವೇದಿಕೆಯ ಮೇಲೆ ಲೆಸ್ಲಿ ಹಾರ್ವೆ ಎಂಬ ಗಿಟಾರುವಾದಕ ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಅಲ್ಲಿಯೇ ಪ್ರಾಣಬಿಟ್ಟ. ಗಿಟಾರಿಗೆ ಸಾವಿರಾರು ರೂಪಾಯಿ ಸುರಿದ ಮನೆಯವರು ಇನ್ನೊಂದಿಷ್ಟು ಕೊಟ್ಟು ವಿದ್ಯುತ್ತಿನ ಕೆಲಸಗಾರನನ್ನು ಕರೆಸಿ ಅರ್ಥಿಂಗನ್ನು ಪರೀಕ್ಷಿಸುವುದು ಅವಶ್ಯ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಹೊಲಗಳು ವಿಶಾಲವಾಗುತ್ತವೆ, ದಿಗಂತ ದೂರ ಸರಿಯುತ್ತದೆ. ರಟ್ಟರ ಕಾಲದ ಸುಗಂಧವರ್ತಿಯೇ ಇಂದಿನ ಸವದತ್ತಿ. ಊರಿನ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು, ಅದರ ಹಿಂದೆ ರೇಣುಕಾಸಾಗರದ ನೀರು. ಆದರೆ ಸವದತ್ತಿಯೆಂದರೆ ಲಕ್ಷಾಂತರ ಜನರ ಮನಸ್ಸಿಗೆ ಬರುವುದು ಎಲ್ಲಮ್ಮನ ಗುಡ್ಡ. ಹುಣ್ಣಿಮೆಗಳಲ್ಲಿ, ವಿಶೇಷವಾಗಿ ಬನದ ಹುಣ್ಣಿಮೆ ಭರತ ಹುಣ್ಣಿಮೆಗಳಲ್ಲಿ, ಗುಡ್ಡದ ದಾರಿ ಭಂಡಾರದಿಂದ ಹಳದಿಯಾಗುತ್ತದೆ. ಉಧೋ ಉಧೋ ಎಂಬ ಘೋಷ ಕಣಿವೆಯಿಂದ ಕಣಿವೆಗೆ ಹಾಯುತ್ತದೆ. ಆ ಘೋಷದ ನಡುವೆಯೂ ಕಿವಿಗೆ ಬೀಳುವ ಒಂದು ವಾದ್ಯವಿದೆ. ಅದು ಚೌಡಿಕೆ.

ಚೌಡಿಕೆಯನ್ನು ಹತ್ತಿರದಿಂದ ನೋಡಿದವರಿಗೆ ಅದು ಮದ್ದಲೆಯೋ ತಂತಿವಾದ್ಯವೋ ಎಂಬ ಸಂಶಯ ಹುಟ್ಟುತ್ತದೆ. ಕೊಳಗದಂಥ ಒಂದು ಕೊಡ, ಅದರ ತಳಕ್ಕೆ ಬಿಗಿದ ಚರ್ಮ, ಚರ್ಮದ ನಟ್ಟನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಟೆಗೆ ಏರುವ ಒಂದೇ ಒಂದು ತಂತಿ. ಕಂಕುಳಲ್ಲಿ ಇರುಕಿಕೊಂಡು ಕೈಯ ಕಡ್ಡಿಯಿಂದ ಮೀಟಿದಾಗ ತಂತಿಯೂ ಚರ್ಮವೂ ಕೂಡಿ ಡುಂವ್ ಎನ್ನುತ್ತವೆ; ಬಿಗಿತವನ್ನು ಹೆಚ್ಚುಕಡಿಮೆ ಮಾಡಿದಂತೆ ಆ ನಾದ ಏರುತ್ತದೆ, ಇಳಿಯುತ್ತದೆ, ನರಳುತ್ತದೆ. ಪಕ್ಕದಲ್ಲಿ ಒಬ್ಬಾಕೆ ಶ್ರುತಿಯ ತಂತಿಯನ್ನು ಮಿಡಿಯುತ್ತಿರುತ್ತಾಳೆ, ಇನ್ನೊಬ್ಬಾಕೆ ತಾಳ ಹಾಕುತ್ತಾಳೆ. ಬಯಲಿನಲ್ಲಿ, ಸಾವಿರ ಕೊರಳುಗಳ ನಡುವೆ, ವಿದ್ಯುತ್ತಿಲ್ಲದೆ ಕೇಳಿಸಬೇಕಾದ ಸಂಗೀತವಿದು. ಆದುದರಿಂದಲೇ ಅದರ ನಾದ ನಯವಾದದ್ದಲ್ಲ. ಅದಕ್ಕೆ ಅಂಚಿದೆ, ಒಡಕಿದೆ, ಕಂಪವಿದೆ.

ಹೆವಿ ಮೆಟಲ್ಲಿನ ಗಿಟಾರುವಾದಕರು ಧ್ವನಿವರ್ಧಕವನ್ನು ಅದರ ಶಕ್ತಿ ಮೀರಿ ದುಡಿಸಿ ಪಡೆಯುವುದು ಇದೇ ಒಡಕನ್ನು. ಒಡೆದ ನಾದದಲ್ಲಿ ಮೂಲಸ್ವರದೊಂದಿಗೆ ಅನೇಕ ಅನುಸ್ವರಗಳು ಎದ್ದು ನಿಲ್ಲುತ್ತವೆ. ಮಿರಜಿನ ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯನ್ನು ಸರಿಸಿ ಜವಾರಿ ತೆರೆಯುವ ಕೌಶಲವನ್ನು ಕಂಡವರಿಗೆ ಈ ಆಸೆ ವಿಚಿತ್ರವೆನಿಸದು. ಶುದ್ಧವಾದ ಸ್ವರ ಸಾಲದು, ಅದು ಝೇಂಕರಿಸಬೇಕು ಎಂಬ ಆಸೆ ಅದು. ಇನ್ನೂ ಒಂದು ಹೋಲಿಕೆಯುಂಟು. ಒಡೆದ ನಾದದಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವು ಒಂದನ್ನೊಂದು ತುಳಿದು ಕೆಸರಾಗುತ್ತದೆ. ನಿಚ್ಚಳವಾಗಿ ಉಳಿಯುವುದು ಷಡ್ಜ ಪಂಚಮಗಳ ಜೋಡಿ. ಹೆವಿ ಮೆಟಲ್ಲಿನವರು ಪವರ್ ಕಾರ್ಡ್ ಎಂದು ಹೆಮ್ಮೆಯಿಂದ ಕರೆಯುವುದು ತಂಬೂರಿಯ ಆ ಸ-ಪ ಗಳನ್ನೇ!

ನಮ್ಮ ತರುಣ ಗುಡ್ಡದ ಅಡಿಯಲ್ಲಿ ಇಳಿದಿದ್ದರೆ ಇದನ್ನೆಲ್ಲ ಕೇಳುತ್ತಿದ್ದ. ಒಂದು ಗಳಿಗೆ ಅವನ ಗಿಟಾರನ್ನೂ ಚೌಡಿಕೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಗಿಟಾರಿಗೆ ಆರು ತಂತಿ, ಚೌಡಿಕೆಗೆ ಒಂದು. ಇದು ದೊಡ್ಡ ವ್ಯತ್ಯಾಸವಲ್ಲ. ದೊಡ್ಡ ವ್ಯತ್ಯಾಸವೆಂದರೆ ಗಿಟಾರನ್ನು ಅವನು ಆರಿಸಿಕೊಂಡ. ಚೌಡಿಕೆಯನ್ನು ಹಿಡಿದವರಲ್ಲಿ ಎಷ್ಟೋ ಮಂದಿಗೆ ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಮನೆಯಲ್ಲಿ ರೋಗ ಬಂತೆಂದು, ಗಂಡುಮಗ ಹುಟ್ಟಲಿಲ್ಲವೆಂದು, ಕೂದಲು ಜಡೆಗಟ್ಟಿತೆಂದು ಆಡುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಮುತ್ತಿನೊಂದಿಗೆ ಪಡ್ಡಲಿಗೆ ಬಂತು, ಜೋಗ ಬಂತು, ಹಾಡು ಬಂತು. ಜೊತೆಗೆ ಬಂದ ಬಾಳು ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೇ ದೇವದಾಸಿಯರ ರಕ್ಷಣೆಗೆ ಕಾನೂನು ಬಂದಿತ್ತು. ಸವದತ್ತಿ ಆಗ ಆ ಪ್ರಾಂತಕ್ಕೇ ಸೇರಿತ್ತು. ಕಾನೂನು ಪುಸ್ತಕದಲ್ಲಿತ್ತು, ಪದ್ಧತಿ ಗುಡ್ಡದ ಮೇಲಿತ್ತು. 1982ರಲ್ಲಿ ಕರ್ನಾಟಕದ ಶಾಸನಸಭೆ ಮುತ್ತು ಕಟ್ಟುವುದನ್ನೇ ಅಪರಾಧವನ್ನಾಗಿ ಮಾಡಿತು. ಅರ್ಪಿಸಿದ ತಂದೆತಾಯಿಗಳಿಗೂ ಶಿಕ್ಷೆಯುಂಟೆಂದು ಆ ಕಾನೂನು ಹೇಳಿತು.

ಹಾಗಾದರೆ ವಾದ್ಯದ ಗತಿಯೇನು? ಪದ್ಧತಿ ಹೋಗಬೇಕು, ಹಾಡು ಉಳಿಯಬೇಕು ಎಂದು ಪಟ್ಟಣದ ಜನ ಸುಲಭವಾಗಿ ಹೇಳಿಬಿಡುತ್ತಾರೆ. ಸುಲಭವಾಗಿ ಹೇಳಿದ ಮಾತನ್ನು ಸ್ವಲ್ಪ ಸಂಶಯದಿಂದ ನೋಡುವುದು ಒಳ್ಳೆಯದು; ಆ ಹಾಡನ್ನು ಹೊತ್ತು ತಂದದ್ದು ಆ ಬಾಳುಗಳೇ. ಆದರೂ ಒಂದು ಬದಲಾವಣೆ ಕಣ್ಣಿಗೆ ಕಾಣುವಂತೆ ಆಗಿದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಗುಡ್ಡದ ಹಾಡು ಕುಣಿತಗಳನ್ನು ರಂಗದ ಮೇಲೆ ತಂದರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಅವರು ಮನೆಯಿಂದ ದೂರವಾಗಿ ಪಟ್ಟ ಪಾಡು ಸಣ್ಣದಲ್ಲ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳ ಎದುರು ನಿಂತು ಸೆರಗಿನಿಂದ ಅವರ ದೃಷ್ಟಿ ನಿವಾಳಿಸಿದ ದೃಶ್ಯವನ್ನು ದೇಶವೆಲ್ಲ ನೋಡಿತು. ಚೌಡಿಕೆಯನ್ನು ಕಲಿಯಬೇಕೆಂದು ತಾನಾಗಿ ಬಯಸಿ, ಮುತ್ತಿಲ್ಲದೆ, ಹರಕೆಯಿಲ್ಲದೆ ಕಲಿಯಬಹುದಾದ ಕಾಲ ಈಗ ಬಂದಿದೆ.

ಸವದತ್ತಿಯಿಂದ ರಾಮದುರ್ಗದ ಹಾದಿ ಒಣಸೀಮೆಯದು. ಕಲ್ಲುಗುಡ್ಡಗಳು, ಜಾಲಿ, ನಡುನಡುವೆ ಮಲಪ್ರಭೆಯ ಹಸುರು. ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರವನ್ನು ಹಾದು, ಕಿತ್ತೂರಿನ ಸಮೀಪ ಹರಿದ ಅದೇ ನದಿ ಇಲ್ಲಿಗೂ ಬಂದು, ಮುಂದೆ ಪಟ್ಟದಕಲ್ಲು ಐಹೊಳೆಗಳತ್ತ ಹೋಗುತ್ತದೆ. 1948ರವರೆಗೆ ರಾಮದುರ್ಗ ಭಾವೆ ಮನೆತನದ ಪುಟ್ಟ ಸಂಸ್ಥಾನ. ಈಗ ಊರನ್ನು ಗುರುತಿಸುವುದು ಮಗ್ಗದ ಸಪ್ಪಳ. ರಾಮದುರ್ಗದಲ್ಲಿಯೂ ಸುರೇಬಾನದಲ್ಲಿಯೂ ನೇಕಾರರ ಓಣಿಗಳಲ್ಲಿ ನಡೆದರೆ ಖಟ್ ಖಟ್ ಎಂಬ ಲಯ ಬಾಗಿಲಿಂದ ಬಾಗಿಲಿಗೆ ಬೆನ್ನಟ್ಟಿ ಬರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಈ ಓಣಿಗಳೊಳಗೆ ನುಗ್ಗಿದಾಗ ಮಗ್ಗಗಳು ನೀರಿನಲ್ಲಿ ನಿಂತವು. ಆ ದಿನಗಳಲ್ಲಿ ಊರಿಗೆ ಕೇಳಿಸಿದ್ದು ನೀರಿನ ಸದ್ದು ಮಾತ್ರ.

ಅಜ್ಜಿಯ ಮನೆಯ ಪಡಸಾಲೆಯಲ್ಲಿ ತರುಣ ಚೀಲ ಬಿಚ್ಚುತ್ತಾನೆ. ಗಿಟಾರನ್ನು ಸಜ್ಜುಗೊಳಿಸುವ ಕೆಲಸಕ್ಕೆ ನೇಕಾರರ ಮನೆಗಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ. ಹಾಸಿನ ಎಳೆಗಳಲ್ಲಿ ಒಂದು ಸಡಿಲ ಒಂದು ಬಿಗಿಯಾದರೆ ಬಟ್ಟೆ ಕೆಡುತ್ತದೆ. ಆದ್ದರಿಂದ ನೇಕಾರನು ಮೊದಲು ನೋಡುವುದು ಬಿಗಿತವನ್ನು. ಗಿಟಾರಿನ ಆರು ತಂತಿಗಳೂ ಕೂಡಿ ಕೊರಳನ್ನು ಸುಮಾರು 45 ಕಿಲೋಗ್ರಾಂ ಭಾರದಿಂದ ಜಗ್ಗುತ್ತಿರುತ್ತವೆ. ಹೆವಿ ಮೆಟಲ್ಲಿಗೆಂದು ದಪ್ಪ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ, ಅಂದರೆ ಸೆಕೆಂಡಿಗೆ 82 ಕಂಪನಗಳಿಂದ 73ಕ್ಕೆ ಇಳಿಸಿದಾಗ ಆ ತಂತಿ ಒದ್ದೆ ಹಗ್ಗದಂತೆ ಜೋಲುತ್ತದೆ. ಸಾಮಾನ್ಯವಾಗಿ ಅದರ ದಪ್ಪ ಇಂಚಿನ ಸಾವಿರದಲ್ಲಿ 46 ಭಾಗ. ಅದರ ಬದಲು 52 ಭಾಗದ್ದನ್ನು ಹಾಕಿದರೆ ಬಿಗಿತ ಮರಳುತ್ತದೆ. ಇನ್ನೂ ಕೆಳಗೆ ಸಿ ಸ್ವರಕ್ಕೆ ಇಳಿಯುವವರು 56, 60 ಭಾಗಗಳವರೆಗೂ ಹೋಗುವುದುಂಟು. ಗಿಟಾರಿನ ಮಾನವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತಂತಿಯ ಮೀಟುವ ಉದ್ದ 628 ಮಿಲಿಮೀಟರ್ ಇರುವ ಗಿಟಾರಿಗಿಂತ 648 ಮಿಲಿಮೀಟರ್ ಇರುವುದು ತಗ್ಗಿದ ಶ್ರುತಿಯನ್ನು ಚೆನ್ನಾಗಿ ತಾಳುತ್ತದೆ. ದಪ್ಪ ತಂತಿ ಹಾಕುವವರು ಇನ್ನೊಂದನ್ನು ಮರೆಯುತ್ತಾರೆ: ತಲೆಯ ಬಳಿ ತಂತಿಗಳು ಕೂರುವ ಕಚ್ಚುಗಳು ತೆಳುತಂತಿಗೆ ಕೊರೆದವು, ಅಗಲ ಮಾಡದಿದ್ದರೆ ತಂತಿ ಸಿಕ್ಕಿಕೊಂಡು ಶ್ರುತಿ ನಿಲ್ಲುವುದಿಲ್ಲ.

ತಂತಿ ಹಾಕಿ, ನುಡಿಸಬೇಕಾದ ಶ್ರುತಿಗೆ ಕೂಡಿಸಿದ ಮೇಲೆಯೇ ಕೊರಳಿನ ಬಾಗನ್ನು ತಿದ್ದಬೇಕು. ಮೊದಲನೆಯ ಮೆಟ್ಟನ್ನೂ ಕೊನೆಯ ಮೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ, ಏಳೆಂಟನೆಯ ಮೆಟ್ಟಿನ ಹತ್ತಿರ, ತಂತಿಯ ಅಡಿಯಲ್ಲಿ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಕಾಣಬೇಕು. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು ಬಿಗಿಯಬೇಕು, ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಲ್ಲ. ಅವಸರದ ಹುಡುಗರು ಪೂರ್ತಿ ಸುತ್ತಿ ಕಂಬಿಯನ್ನು ಮುರಿದ ಪ್ರಸಂಗಗಳಿಗೆ ಕೊರತೆಯಿಲ್ಲ. ಆಮೇಲೆ ಕುದುರೆಯಲ್ಲಿ ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿನ ಮೇಲೆ ದಪ್ಪ ತಂತಿಗೆ 2 ಮಿಲಿಮೀಟರ್, ತೆಳುತಂತಿಗೆ ಒಂದೂವರೆ ಇದ್ದರೆ ಬೆರಳಿಗೆ ಹಿತ. ಕಡೆಯದು ಸ್ವರಶುದ್ಧಿ. ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದೇ ಆಗಬೇಕು. ಒತ್ತಿದ್ದು ಏರಿದ್ದರೆ ಆ ತಂತಿಯ ಕುದುರೆಯನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಪಿಕಪ್ಪನ್ನು ತಂತಿಗೆ ತೀರ ಹತ್ತಿರ ಏರಿಸಬಾರದು. ಅಯಸ್ಕಾಂತವೇ ತಂತಿಯನ್ನು ಸೆಳೆದು ಅದರ ಕಂಪನವನ್ನು ಕೆಡಿಸುತ್ತದೆ. ಇನ್ನು ಧ್ವನಿವರ್ಧಕದ ಗುಂಡಿಗಳು. ಒಡಕಿನ ಗುಂಡಿಯನ್ನು ತುದಿಯವರೆಗೆ ತಿರುಗಿಸಿದವನಿಗೆ ಒಂಟಿಯಾಗಿ ನುಡಿಸುವಾಗ ಸಿಂಹಗರ್ಜನೆ ಕೇಳಿಸುತ್ತದೆ, ತಂಡದೊಂದಿಗೆ ನುಡಿಸುವಾಗ ಜೇನುಹುಳದ ಸದ್ದು. ಅರ್ಧಕ್ಕೆ ನಿಲ್ಲಿಸುವವನೇ ಜಾಣ.

ಕಿತ್ತೂರಿನಲ್ಲಿ ನೇರವಾಗಿದ್ದ ಕೊರಳು ರಾಮದುರ್ಗದ ಒಣಗಾಳಿಗೆ ಕೆಲವು ದಿನಗಳಲ್ಲಿ ಹಿಂದಕ್ಕೆ ಸರಿಯುತ್ತದೆ. ತಂತಿಗಳು ಝಿರ್ರೆನ್ನತೊಡಗುತ್ತವೆ. ರಾತ್ರಿ ವಿದ್ಯುತ್ತು ಹೋಗಿ ಎದುರುಮನೆಯ ಮಗ್ಗ ನಿಂತಾಗ ತರುಣ ಧ್ವನಿವರ್ಧಕವಿಲ್ಲದೆ ಮೀಟುತ್ತಾನೆ. ವಿದ್ಯುತ್ತಿಲ್ಲದ ಎಲೆಕ್ಟ್ರಿಕ್ ಗಿಟಾರಿನ ದನಿ ಕೊಸರಾಡುವ ಕೀಟದಷ್ಟು. ಅಜ್ಜಿ ವರ್ಷಕ್ಕೊಮ್ಮೆ ತಪ್ಪದೆ ಗುಡ್ಡ ಹತ್ತಿದವಳು. ತನ್ನ ಜೊತೆಯ ಹುಡುಗಿಯರಲ್ಲಿ ಯಾರಿಗೆ ಯಾವ ಹುಣ್ಣಿಮೆಯಂದು ಮುತ್ತು ಕಟ್ಟಿದರೆಂಬುದು ಅವಳಿಗೆ ಬಾಯಿಪಾಠ. ಕತ್ತಲೆಯಲ್ಲಿ ಆ ತಂತಿಯ ಸಪ್ಪಳವನ್ನು ಕೇಳಿ ಅವಳು ಇಂಥ ಪ್ರಶ್ನೆಯನ್ನು ಕೇಳದೆ ಇದ್ದಾಳೆಯೆ?

“ಇದನ್ನ ನಿನಗ ಯಾರು ಕಟ್ಟಿದ್ರೋ?”

“ಯಾರೂ ಕಟ್ಟಿಲ್ಲಬೇ. ನಾನಽ ನೋಡಿ ತಂದೀನಿ.”

ಅಜ್ಜಿ ಮತ್ತೇನೂ ಕೇಳುವುದಿಲ್ಲ. ಚಿಮಣಿಯನ್ನು ಅವನ ಹತ್ತಿರಕ್ಕೆ ಸರಿಸುತ್ತಾಳೆ. ಅವನು ಆ ಬೆಳಕಿನಲ್ಲಿ ಕೊರಳಿನ ಉದ್ದಕ್ಕೂ ಮತ್ತೊಮ್ಮೆ ಕಣ್ಣು ಹಾಯಿಸಿ, ಟ್ರಸ್ ರಾಡಿನ ಕೀಲಿಯನ್ನು ಕಾಲು ಸುತ್ತು ಸಡಿಲಿಸುತ್ತಾನೆ. ಮರ ಹೊಂದಿಕೊಳ್ಳಲೆಂದು ಗಿಟಾರನ್ನು ಗೋಡೆಗೆ ಒರಗಿಸಿ ಬೆಳಗಿನವರೆಗೆ ಬಿಡುತ್ತಾನೆ.